ಬಿಸಿಲುನಾಡಿನಲ್ಲಿ ಕೂಸುಗಳೊಡನೆ ಎರಡು ದಿನದ ಪ್ರವಾಸ

ಹಿಂಗಾರಿ ಜೋಳದ ರಾಶಿ ಮುಗಿದು, ಕಣಿಕೆಯ ಬಣವೆ ಒಟ್ಟಿ, ಮಿರಗದ ಮಳೆ ಇನ್ನೂ ದೂರವಿರುವಾಗ ಒಕ್ಕಲು ಮನೆಗಳಿಗೆ ನಾಲ್ಕು ದಿನದ ಬಿಡುವು ದೊರೆಯುತ್ತದೆ. ಸಾಲೆಗೂ ಸೂಟಿ ಇರುತ್ತದೆ. ಜಾತ್ರೆ, ಮದುವೆ, ಬೀಗರ ಊರು, ದೇವರ ದರ್ಶನ ಎಲ್ಲವೂ ಈ ಚೈತ್ರ-ವೈಶಾಖದಲ್ಲಿಯೇ ಕೂಡಿ ಬರುತ್ತವೆ. ಆದರೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಮಂಗಳವೇಢೆಗಳ ನಮ್ಮ ಸೀಮೆಯಲ್ಲಿ ಬಿಸಿಲಿನ ಉಗ್ರಾವತಾರವೂ ಇದೇ ಕಾಲಕ್ಕೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಮಾನ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಹೊಸದಲ್ಲ.

ಇಂಥ ವೇಳೆಯಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಪದ್ಧತಿ ಕಂಡುಬರುತ್ತದೆ. ಗಂಡಸರೂ ದೊಡ್ಡ ಮಕ್ಕಳೂ ಊರು ನೋಡಲು ಹೋಗುತ್ತಾರೆ. ಕೂಸಿನ ತಾಯಿ ಮನೆಯಲ್ಲಿಯೇ ಉಳಿಯುತ್ತಾಳೆ. "ಕೂಸು ದೊಡ್ಡದಾಗಲಿ, ಮುಂದೆ ಹೋದರಾಯಿತು" ಎನ್ನುತ್ತಾರೆ. ಒಂದು ಕೂಸು ದೊಡ್ಡದಾಗುವಷ್ಟರಲ್ಲಿ ಇನ್ನೊಂದು ತೊಟ್ಟಿಲಿಗೆ ಬಂದಿರುತ್ತದೆ. ಹೀಗೆ ಐದಾರು ಬೇಸಗೆ ಕಳೆದರೂ ಆಕೆ ಹೊಸ್ತಿಲು ದಾಟುವುದಿಲ್ಲ. ಎರಡನೆಯ ಬಗೆಯವರು ಇದಕ್ಕೆ ವಿರುದ್ಧ. ಕೂಸು-ಕುನ್ನಿ ಎಲ್ಲರನ್ನೂ ಒಂದೇ ಗಾಡಿಯಲ್ಲಿ ತುಂಬಿ, ಉರಿಬಿಸಿಲಿನಲ್ಲಿ ಐದು ಊರು, ಹತ್ತು ಗುಡಿ ತಿರುಗಿಸಿ, ಮರಳಿ ಬರುವಾಗ ವಾಂತಿ-ಭೇದಿ ಹತ್ತಿದ ಮಗುವನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡುತ್ತಾರೆ.

ಇವೆರಡೂ ಬೇಡ. ಬಿಸಿಲುನಾಡಿನಲ್ಲಿಯೂ ಎಳೆಯ ಮಕ್ಕಳೊಡನೆ ಎರಡು ದಿನ ಸುಖವಾಗಿ ಹೋಗಿ ಬರಬಹುದು. ಅದಕ್ಕೆ ಹೆಚ್ಚು ಹಣವೇನೂ ಬೇಕಿಲ್ಲ. ಪ್ರವಾಸದ ವೇಳಾಪತ್ರಿಕೆಯನ್ನು ದೊಡ್ಡವರ ಆಸೆಗಲ್ಲ, ಕೂಸಿನ ಮೈಗೆ ಮತ್ತು ಸೂರ್ಯನ ನಡಿಗೆಗೆ ಹೊಂದಿಸಿಕೊಳ್ಳಬೇಕು. ಅಷ್ಟನ್ನು ಸಾಧಿಸುವ ಬಗೆಯನ್ನು ಇಲ್ಲಿ ಹೇಳಲಾಗಿದೆ.

ಒಂದು ಮನೆಯ ಮಾತು

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳಿರಿ. ಅತ್ತೆ, ಮಗ, ಸೊಸೆ. ಮೂರು ವರ್ಷದ ಹೆಣ್ಣುಮಗು, ಹದಿನಾಲ್ಕು ತಿಂಗಳಿನ ಗಂಡುಕೂಸು. ಗೋಲಗುಮ್ಮಟ ನೋಡಬೇಕೆಂಬುದು ಸೊಸೆಯ ಬಹಳ ದಿನದ ಆಸೆ. ಮಾತು ಹೀಗೆ ನಡೆಯುತ್ತದೆ:

"ಈ ಬಿಸಲಾಗ ಕೂಸಿನ್ನ ತಗೊಂಡು ಎಲ್ಲಿಗಿ ಹೋಗ್ತಿಯವ್ವಾ? ಇನ್ನೊಂದೆರಡು ವರ್ಷ ತಡಿ."

"ಅತ್ತೀ, ಹಿರಿಯಾಕಿ ಹುಟ್ಟಿದಾಗೂ ಹಿಂಗಽ ಅಂದಿದ್ರಿ. ಮೂರು ಬ್ಯಾಸಗಿ ಹ್ವಾದೂ. ನೀವೂ ಬರ್ರಿ. ಬಿಸಲು ಏರೂದ್ರಾಗ ನೆಳ್ಳಿಗಿ ಕೂಡೂಣು, ಹೊತ್ತು ಇಳಿದ ಮ್ಯಾಲ ನಡಿಯೂಣು."

"ಹಂಗಾದ್ರ ಬರ್ತೀನಿ. ಖರೆ, ಮಧ್ಯಾಹ್ನದಾಗ ಯಾರರೆ ಹೊರಗ ಕಾಲಿಟ್ಟೀರಿ ಅಂದ್ರ ನಾ ಹೊಳ್ಳಿ ಬಂದಬಿಡ್ತೀನಿ ನೋಡು."

ಅತ್ತೆಯ ಭಯವೂ ಸುಳ್ಳಲ್ಲ, ಸೊಸೆಯ ಬಯಕೆಯೂ ತಪ್ಪಲ್ಲ. ಇಬ್ಬರ ಮಾತನ್ನೂ ನಡೆಸಿಕೊಡುವುದೇ ಜಾಣತನ. ಈ ಮನೆಯವರನ್ನೇ ಮುಂದಿಟ್ಟುಕೊಂಡು ವಿಜಯಪುರದ ಎರಡು ದಿನದ ಪ್ರವಾಸವನ್ನು ವಿಚಾರಿಸೋಣ. ಸೊಲ್ಲಾಪುರದಿಂದ ವಿಜಯಪುರ ಸುಮಾರು ೧೦೦ ಕಿಲೋಮೀಟರು. ಹತ್ತಿರದ ಊರು, ನಮ್ಮ ಭಾಷೆಯ ಊರು; ಮಕ್ಕಳೊಡನೆ ಹೋಗುವವರು ಇದಕ್ಕಿಂತ ದೂರದ ಗುರಿ ಇಟ್ಟುಕೊಳ್ಳದಿರುವುದೇ ಲೇಸು.

ಎಳೆಯ ಮೈಗೆ ಬಿಸಿಲು ಏಕೆ ಬೇಗ ತಟ್ಟುತ್ತದೆ?

ಚಿಕ್ಕ ಮಗುವಿನ ತೂಕ ಕಡಿಮೆ. ಆದರೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದ್ದರಿಂದ ಹೊರಗಿನ ಶಾಖ ಅದರ ಮೈಯನ್ನು ದೊಡ್ಡವರಿಗಿಂತ ಬೇಗ ಹೊಕ್ಕುತ್ತದೆ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿಯೂ ಅದಕ್ಕೆ ಇನ್ನೂ ಪೂರ್ಣ ಬಂದಿರುವುದಿಲ್ಲ. ನೀರಡಿಕೆಯಾದರೆ ಕೇಳಲು ಬಾಯಿ ಬಾರದು. ಮೇಲಾಗಿ, ಮೂರು ವರ್ಷದ ಮಗುವಿನ ಮುಖ ನಮ್ಮ ಸೊಂಟದ ಮಟ್ಟಕ್ಕಷ್ಟೇ. ಡಾಂಬರು ರಸ್ತೆಯಿಂದಲೂ ಕಲ್ಲು ಹಾಸಿನಿಂದಲೂ ಏಳುವ ಝಳ ನಮಗಿಂತ ಮೊದಲು ಅದರ ಮುಖಕ್ಕೆ ಬಡಿಯುತ್ತದೆ.

ಇನ್ನೊಂದು ಸಂಗತಿ. ಹೊತ್ತು ನೆತ್ತಿಗೆ ಬಂದಾಗಲೇ ಶಾಖ ಹೆಚ್ಚೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನೆಲವೂ ಕಲ್ಲೂ ಶಾಖವನ್ನು ಕುಡಿದು ಕಾಯುತ್ತ ಹೋಗುವುದರಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ವೇಳೆಯೇ ಅತಿ ಕಠಿಣ. "ಊಟ ಮುಗಿಯಿತು, ಹೊತ್ತು ವಾಲಿತು, ಇನ್ನು ಹೊರಡೋಣ" ಎಂದು ಎರಡೂವರೆಗೆ ಏಳುವವರು ನಿಜವಾದ ಕುದಿಯೊಳಗೆ ಕಾಲಿಡುತ್ತಾರೆ.

ದಿನವನ್ನು ಮೂರು ಪಾಲು ಮಾಡಿರಿ

ಬೆಳಗಿನ ಆರರಿಂದ ಒಂಬತ್ತು ಮೊದಲ ಪಾಲು. ಇದು ನೋಡುವ, ನಡೆಯುವ ವೇಳೆ. ಒಂಬತ್ತರಿಂದ ಸಂಜೆ ಐದರವರೆಗೆ ಎರಡನೆಯ ಪಾಲು. ಇದು ನೆರಳು, ಊಟ, ನಿದ್ರೆಯ ವೇಳೆ. ಐದರಿಂದ ಮೂರನೆಯ ಪಾಲು. ಇದು ಮತ್ತೆ ಹೊರಬೀಳುವ ವೇಳೆ. ಎತ್ತುಗಳನ್ನು ಬೇಸಗೆಯಲ್ಲಿ ಹೂಡುವ ಕ್ರಮವೂ ಇದೇ ಅಲ್ಲವೇ? ನಸುಕಿನಲ್ಲಿ ಹೂಡಿ, ಬಿಸಿಲೇರುವ ಮುನ್ನ ಕೊಳ್ಳು ಹರಿದು, ಗಿಡದ ನೆರಳಿಗೆ ಕಟ್ಟುತ್ತೇವೆ. ಎತ್ತಿಗೆ ತೋರಿಸುವ ಕರುಣೆಯನ್ನು ಕೂಸಿಗೂ ತೋರಿಸಿದರೆ ಪ್ರವಾಸದ ಅರ್ಧ ಕಷ್ಟ ತಪ್ಪೀತು.

ಹೀಗೆ ಹಂಚಿದರೆ ನೋಡಲು ದಿನಕ್ಕೆ ಒಂದೇ ಸ್ಥಳ ದೊರೆಯುತ್ತದೆ. ಅಷ್ಟೇ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಪ್ರವಾಸಕ್ಕೂ ಸಲ್ಲುತ್ತದೆ. ಈ ಮನೆಯವರು ಶನಿವಾರ ನಸುಕಿನ ಮೊದಲ ಬಸ್ಸು ಹಿಡಿದು ಒಂಬತ್ತರೊಳಗೆ ವಿಜಯಪುರ ಸೇರಲಿ. ಮಧ್ಯಾಹ್ನವೆಲ್ಲ ವಿಶ್ರಾಂತಿ; ಸಂಜೆ ಇಬ್ರಾಹಿಂ ರೋಜಾ. ರವಿವಾರ ಬೆಳಗಿನ ಆರಕ್ಕೆ ಗೋಲಗುಮ್ಮಟ. ಮಧ್ಯಾಹ್ನ ಮತ್ತೆ ವಿಶ್ರಾಂತಿ. ಐದರ ಮೇಲೆ ಮರಳುವ ಬಸ್ಸು. ಎರಡು ದಿನಕ್ಕೆ ಎರಡೇ ನೋಟ.

ಹೊರಡುವ ಹಿಂದಿನ ಸಂಜೆ ಹವಾಮಾನದ ಸೂಚನೆಯನ್ನು ಕೈಯೊಳಗಿನ ಫೋನಿನಲ್ಲಿಯೇ ನೋಡಬಹುದು. ಬಯಲುಸೀಮೆಯಲ್ಲಿ ಉಷ್ಣಮಾನ ೪೦ ಡಿಗ್ರಿಗೆ ಮುಟ್ಟಿ, ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಅಥವಾ ಅದಕ್ಕೂ ಮಿಕ್ಕಿ ಏರಿದಾಗ ಭಾರತೀಯ ಹವಾಮಾನ ಇಲಾಖೆಯು ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಅಂಥ ಎಚ್ಚರಿಕೆ ಬಂದಿದ್ದರೆ ಪ್ರವಾಸವನ್ನು ಒಂದು ವಾರ ಮುಂದೂಡತಕ್ಕದ್ದು. ಗುಮ್ಮಟ ಎಲ್ಲಿಯೂ ಹೋಗದು.

ಮನೆ, ಹೊಲ, ದನಕರುಗಳ ವ್ಯವಸ್ಥೆ

ಒಕ್ಕಲು ಮನೆಯವರು ಎರಡು ದಿನ ಮನೆ ಬಿಡುವುದೆಂದರೆ ದನಗಳ ಚಿಂತೆ ಮೊದಲು. ಹಾಲು ಕೊಡುವ ಎಮ್ಮೆಗೆ ಬೇಸಗೆಯಲ್ಲಿ ದಿನಕ್ಕೆ ೬೦ ಲೀಟರಿಗೂ ಹೆಚ್ಚು ನೀರು ಬೇಕಾದೀತು. ನೆರೆಮನೆಯವರಿಗೆ "ಸ್ವಲ್ಪ ನೋಡಿಕೊಳ್ಳಿರಿ" ಎಂದು ಬಾಯಿಮಾತಿನಲ್ಲಿ ಹೇಳಿ ಹೊರಟರೆ ಸಾಲದು. ಎಷ್ಟು ಬಿಂದಿಗೆ ನೀರು, ಎಷ್ಟು ಸಿವುಡು ಕಣಿಕೆ, ಯಾವ ವೇಳೆಗೆ ಹಾಲು ಹಿಂಡುವುದು ಎಂಬುದನ್ನು ತೋರಿಸಿಕೊಡಬೇಕು. ದನಗಳನ್ನು ತಗಡಿನ ಕೆಳಗೆ ಕಟ್ಟದೆ ಬೇವಿನ ನೆರಳಿಗೆ ಕಟ್ಟುವಂತೆ ಹೇಳಬೇಕು.

ಬಿತ್ತಿಗೆ-ಕೊಯ್ಲಿಗೆ ನಮ್ಮಲ್ಲಿ ಮುಯ್ಯಿ ಆಳಿನ ಪದ್ಧತಿ ಇದ್ದೇ ಇದೆ. ಅದನ್ನು ಪ್ರವಾಸಕ್ಕೂ ಅನ್ವಯಿಸಬಹುದು. ಈ ವಾರ ನಿಮ್ಮ ದನ ಅವರು ನೋಡಲಿ. ಮುಂದಿನ ವಾರ ಅವರು ಹೊರಟಾಗ ನೀವು ನೋಡಿರಿ. ಹೀಗೆ ಓಣಿಯ ನಾಲ್ಕು ಮನೆಗಳು ಒಪ್ಪಂದ ಮಾಡಿಕೊಂಡರೆ ನಾಲ್ಕೂ ಮನೆಯ ಹೆಣ್ಣುಮಕ್ಕಳಿಗೆ ಬಿಡುವು ದೊರಕೀತು.

ಬುತ್ತಿಯಲ್ಲಿ ಏನಿರಬೇಕು, ಏನಿರಬಾರದು

ಊಟ ಬಲ್ಲವನಿಗೆ ರೋಗವಿಲ್ಲ. ಬೇಸಗೆಯ ಪ್ರವಾಸದಲ್ಲಿ ಮಕ್ಕಳನ್ನು ಕೆಡಿಸುವುದು ಬಹುತೇಕ ಹಳಸಿದ ಅನ್ನ ಮತ್ತು ಕೆಟ್ಟ ನೀರು. ಬೇಯಿಸಿದ ಅನ್ನ, ಹಾಲು ಹಾಕಿ ಕಲಸಿದ ಮೊಸರನ್ನ, ಪಲ್ಯ ಇವು ಈ ಝಳದಲ್ಲಿ ಒಂದೆರಡು ತಾಸಿನ ಮೇಲೆ ನಂಬತಕ್ಕವಲ್ಲ. ವಾಸನೆ ಬರುವ ಮೊದಲೇ ಕೆಟ್ಟಿರುತ್ತವೆ. ನಮ್ಮ ಕಡಕ ರೊಟ್ಟಿಗೆ ಈ ದೋಷವಿಲ್ಲ. ನೀರಿನ ಅಂಶವಿಲ್ಲದ್ದರಿಂದ ಅದು ಹಲವು ದಿನ ಉಳಿಯುತ್ತದೆ. ದೊಡ್ಡವರಿಗೆ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮಗುವಿಗೆ ಅದೇ ರೊಟ್ಟಿಯನ್ನು ಪುಡಿಮಾಡಿ ಕಾಯಿಸಿದ ಬಿಸಿ ಹಾಲಿನಲ್ಲಿ ನೆನೆಸಿ ಕೊಡಬಹುದು. ಹುರಿದ ಜೋಳದ ಹಿಟ್ಟು, ಜೋಳದ ಅರಳಿನ ಹಿಟ್ಟು ಒಯ್ದರೆ ಬೇಕಾದಾಗ ಬೆಲ್ಲ ಸೇರಿಸಿ ಕಲಸಿಕೊಳ್ಳಬಹುದು. ಬಾಳೆಯ ಹಣ್ಣು ಸಿಪ್ಪೆಯೊಳಗೇ ಶುದ್ಧವಾಗಿರುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಹುರಿದ ಶೇಂಗಾ, ಪುಠಾಣಿ ಇವನ್ನು ಇಡಿಯಾಗಿ ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬಾರದು. ಓಲಾಡುವ ಬಸ್ಸಿನಲ್ಲಿ ಒಂದು ಕಾಳು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ನಮ್ಮ ಸೀಮೆಯ ದ್ರಾಕ್ಷಿಯೂ ಹಾಗೆಯೇ. ಗುಂಡಗಿನ ಹಣ್ಣು ಎಳೆಯ ಗಂಟಲಿಗೆ ಬಿರಡೆಯಂತೆ ಕೂಡುತ್ತದೆ. ಚೆನ್ನಾಗಿ ತೊಳೆದು, ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು. ರಸ್ತೆಯ ಪಕ್ಕದಲ್ಲಿ ಕೊಯ್ದಿಟ್ಟ ಕಲ್ಲಂಗಡಿಯ ಹೋಳು ಬೇಡ. ಇಡಿಯ ಹಣ್ಣು ಕೊಂಡು ನಿಮ್ಮ ಚಾಕುವಿನಿಂದ ಕೊಯ್ದು, ಬೀಜ ತೆಗೆದು ಕೊಡಿರಿ.

ನೀರು: ಒಬ್ಬರ ಹೊಣೆ

ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ. ಆದ್ದರಿಂದ ಮಕ್ಕಳಿಗೆ ನೀರು ಕುಡಿಸುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಬೇಕು. ತಾಯಿಯ ಕೈಯಲ್ಲಿ ಕೂಸು, ಬಗಲಲ್ಲಿ ಚೀಲ ಇರುವುದರಿಂದ ಈ ಕೆಲಸ ತಂದೆಯದಾಗಲಿ. ಒಂದರಿಂದ ಮೂರು ವರ್ಷದ ಮಗುವಿಗೆ ಹಾಲು-ಆಹಾರದಲ್ಲಿಯ ನೀರೂ ಸೇರಿ ದಿನಕ್ಕೆ ಸುಮಾರು ೧.೩ ಲೀಟರು ದ್ರವ ಬೇಕು. ಬಿಸಿಲಿನಲ್ಲಿ ಇನ್ನೂ ಹೆಚ್ಚು. ಒಮ್ಮೆಲೆ ಕುಡಿಸಿದರೆ ಕಾರಿಕೊಳ್ಳುತ್ತದೆ. ಅರ್ಧ ತಾಸಿಗೊಮ್ಮೆ ಕೇಳಲಿ, ಕೇಳದಿರಲಿ, ನಾಲ್ಕು ಗುಟುಕು ಕೊಡುತ್ತ ಹೋಗಬೇಕು.

ಆರು ತಿಂಗಳೊಳಗಿನ ಹಸುಗೂಸಿನ ವಿಷಯ ಬೇರೆ. ಅದಕ್ಕೆ ಎಂಥ ಬೇಸಗೆಯಲ್ಲಿಯೂ ತಾಯಿಯ ಹಾಲಲ್ಲದೆ ನೀರು, ಜೇನು, ಸಕ್ಕರೆ ನೀರು ಯಾವುದೂ ಬೇಡ. ಹೆಚ್ಚು ಸಲ ಎದೆಗೆ ಹಾಕಿಕೊಂಡರೆ ಸಾಕು. ಆದರೆ ಆ ತಾಯಿ ತಾನು ಹೆಚ್ಚು ನೀರು ಕುಡಿಯಬೇಕು. ಬಸ್ಸಿನಲ್ಲಿ ಮೂತ್ರಕ್ಕೆ ಹೋಗುವ ಅನುಕೂಲವಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರು ಬಿಟ್ಟು ಕುಳಿತಿರುತ್ತಾರೆ. ಇದು ಅವರಿಗೂ ಕೇಡು. ಬಸ್ಸು ನಿಲ್ದಾಣದಲ್ಲಿ ನಿಂತಾಗ ಆಕೆಗೆ ಇಳಿಯಲು ಅವಕಾಶ ಮಾಡಿಕೊಡುವುದು ಜೊತೆಗಿದ್ದವರ ಕರ್ತವ್ಯ.

ನೀರನ್ನು ಹಿಂದಿನ ರಾತ್ರಿ ಮಳ್ಳಿಸಿ, ಆರಿಸಿ, ಬಾಯಿ ಮುಚ್ಚಿದ ಪಾತ್ರೆಯಲ್ಲಿ ಒಯ್ಯಬೇಕು. ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ ತಂಪಾಗಿ ಉಳಿಯುತ್ತದೆ. ಗಾಡಿಯ ಮೇಲೆ ಮಾರುವ ಬರ್ಫದ ಗೋಲ, ಬಣ್ಣದ ಶರಬತ್ತು ಮಕ್ಕಳನ್ನು ಸೆಳೆಯುತ್ತವೆ. ಆ ಬರ್ಫ ಯಾವ ನೀರಿನದೆಂದು ಬಲ್ಲವರಾರು? ಮನೆಯ ಮಜ್ಜಿಗೆ, ಮಾವಿನಕಾಯಿಯ ಪಾನಕ, ಎಳನೀರು ಇವೇ ಉತ್ತಮ.

ಹೋಗುವ ದಾರಿ

ಎಸ್.ಟಿ. ಬಸ್ಸಿನಿಂದ ಹೋಗುವವರು ಸೊಲ್ಲಾಪುರ, ಟಾಕಳಿ ಮೇಲೆ ಭೀಮೆಯನ್ನು ದಾಟಿ, ಝಳಕಿ, ಹೊರ್ತಿ ಹಾದು ವಿಜಯಪುರ ಸೇರುತ್ತಾರೆ. ರೈಲಿನವರಿಗೆ ಹೋಟಗಿ ಜಂಕ್ಷನ್ನಿನಿಂದ ಇಂಡಿ ರೋಡ ಮೇಲೆ ಹಾದುಹೋಗುವ ಗದಗ ಮಾರ್ಗವಿದೆ. ಎಳೆಯ ಮಕ್ಕಳಿಗೆ ರೈಲೇ ಮೇಲು. ಎದ್ದು ಓಡಾಡಲು ಸ್ಥಳ, ಮಲಗಿಸಲು ಹಲಗೆ, ಶೌಚಕ್ಕೆ ಅನುಕೂಲ ಉಂಟು. ಐದು ವರ್ಷದೊಳಗಿನ ಮಗುವಿಗೆ ಬೇರೆ ಸ್ಥಳ ಕೇಳದಿದ್ದರೆ ರೈಲಿನಲ್ಲಿ ಟಿಕೇಟು ಇಲ್ಲ. ಬಸ್ಸಾದರೆ ಬಿಸಿಲು ಬೀಳದ ಮಗ್ಗುಲ ಆಸನ ಹಿಡಿಯಿರಿ. ನಸುಕಿನಲ್ಲಿ ತೆಂಕಣಕ್ಕೆ ಹೋಗುವಾಗ ಬಲಗಡೆ, ಸಂಜೆ ಬಡಗಣಕ್ಕೆ ಮರಳುವಾಗಲೂ ಬಲಗಡೆಯೇ ನೆರಳು.

ಗಡಿ ದಾಟುವವರು ಟಿಕೇಟಿನ ಒಂದು ಸಂಗತಿ ತಿಳಿದಿರಬೇಕು. ೨೦೨೩ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ದರವಿದೆ; ಆದರೆ ಅದು ಆ ರಾಜ್ಯದ ಗಡಿಯವರೆಗೆ ಮಾತ್ರ. ೨೦೨೩ರ ಜೂನ್ ೧೧ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ. ಮಾತು ಕನ್ನಡವಾದರೂ ಗುರುತಿನ ಚೀಟಿಯಲ್ಲಿ ಅಕ್ಕಲಕೋಟೆ ಎಂದಿದ್ದರೆ ಪೂರ್ಣ ಹಣ ಕೊಡಬೇಕು. ಇದನ್ನು ಮೊದಲೇ ಲೆಕ್ಕ ಹಿಡಿದರೆ ನಿರ್ವಾಹಕರೊಡನೆ ವಾದ ಉಳಿಯುತ್ತದೆ.

ಮೋಟಾರ ಸೈಕಲ್ಲಿನ ಮೇಲೆ ನಾಲ್ವರು ಕುಳಿತು ಇಷ್ಟು ದೂರ ಹೋಗುವುದಂತೂ ಬೇಡವೇ ಬೇಡ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ದ್ವಿಚಕ್ರದ ಮೇಲೆ ಒಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಶಿರಸ್ತ್ರಾಣ ಇರಬೇಕು, ವೇಗ ೪೦ ಕಿಲೋಮೀಟರು ಮೀರಬಾರದು ಎಂಬ ಕೇಂದ್ರದ ನಿಯಮ ೨೦೨೩ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ಸ್ವಂತ ಇಲ್ಲವೆ ಬಾಡಿಗೆಯ ಕಾರಿನವರಿಗೆ ಒಂದು ಕಠಿಣ ಎಚ್ಚರಿಕೆ. ಮಲಗಿದ ಮಗುವನ್ನು ಎಬ್ಬಿಸುವುದೇಕೆಂದು ಗಾಜು ಏರಿಸಿ, ಕಾರಿನಲ್ಲಿಯೇ ಬಿಟ್ಟು, ಐದು ನಿಮಿಷಕ್ಕೆಂದು ಹೋಗಲೇಬಾರದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿಯೇ ಸುಮಾರು ೧೧ ಡಿಗ್ರಿ ಏರುತ್ತದೆ. ಗಾಜನ್ನು ನಾಲ್ಕು ಬೆರಳು ಇಳಿಸಿದರೂ ಹೆಚ್ಚೇನೂ ಉಪಯೋಗವಿಲ್ಲ. ಮನೆಯ ಮುಂದೆ ನಿಂತ ಕಾರಿಗೂ ಬೀಗ ಹಾಕಿರಬೇಕು. ಆಟಕ್ಕೆಂದು ಒಳಗೆ ಹೊಕ್ಕ ಮಕ್ಕಳಿಗೆ ಬಾಗಿಲು ತೆರೆಯಲು ಬಾರದು.

ವಿಜಯಪುರದಲ್ಲಿ

೨೦೧೪ರ ನವೆಂಬರಿನವರೆಗೆ ಸರಕಾರಿ ಕಾಗದದಲ್ಲಿ ಬಿಜಾಪುರವಾಗಿದ್ದ ಈ ಪಟ್ಟಣಕ್ಕೆ ಬಿಸಿಲೇನೂ ಹೊಸದಲ್ಲ. ಅದರ ಅರಸರು ಮಹಲು ಕಟ್ಟಿಸಿದಷ್ಟೇ ಕಾಳಜಿಯಿಂದ ನೀರಿನ ವ್ಯವಸ್ಥೆಯನ್ನೂ ಮಾಡಿದ್ದರು. ೧೬೨೦ರಲ್ಲಿ ತಾಜ ಬಾವಡಿ, ೧೬೫೧ರಲ್ಲಿ ಬೇಗಂ ತಲಾಬ ಆದವು. ತಲಾಬಿನ ನೀರನ್ನು ನೆಲದೊಳಗಿನ ಕೊಳವೆಗಳಿಂದ ಊರಿಗೆ ತಂದು, ನಡುನಡುವೆ ಗಂಜ ಎಂಬ ಕಲ್ಲಿನ ಗೋಪುರ ಕಟ್ಟಿ ನೀರಿನ ಒತ್ತಡವನ್ನು ಹದಗೊಳಿಸುತ್ತಿದ್ದರು. ಅದಕ್ಕೂ ಬಹಳ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಸೊನ್ನಲಿಗೆಯ ಸಿದ್ಧರಾಮರು ಇಂದಿನ ಸೊಲ್ಲಾಪುರದಲ್ಲಿ ಕೆರೆ ತೋಡಿಸಿದ್ದು ನಮಗೆಲ್ಲ ಗೊತ್ತಿದ್ದದ್ದೇ. ಬಿಸಿಲುನಾಡಿನಲ್ಲಿ ನೀರೇ ಮೊದಲ ಮಾತೆಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು.

ಇಬ್ರಾಹಿಂ ರೋಜಾ ಸಂಜೆಯ ನೋಟ. ೧೫೮೦ರಿಂದ ೧೬೨೭ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಗೋರಿಯೂ ಎದುರಿಗೆ ಮಸೀದೆಯೂ ಒಂದೇ ಕಟ್ಟೆಯ ಮೇಲಿವೆ. ಸುತ್ತ ಹುಲ್ಲಿನ ಅಂಗಳವಿದೆ. ಮೂರು ವರ್ಷದ ಮಗಳಿಗೆ ಓಡಾಡಲು ಇದಕ್ಕಿಂತ ಒಳ್ಳೆಯ ಸ್ಥಳ ಬೇಕೆ? ಆದರೆ ದಿನವೆಲ್ಲ ಕಾಯ್ದ ಹಾಸುಗಲ್ಲು ಐದು ಗಂಟೆಗೂ ಬಿಸಿಯಾಗಿರುತ್ತದೆ. ಕಾಲ್ಮರಿ ಬಿಡಬೇಕಾದ ಕಡೆ ದೊಡ್ಡವರು ತಮ್ಮ ಅಂಗೈಯ ಹಿಂಭಾಗವನ್ನು ಕಲ್ಲಿಗೆ ಹಚ್ಚಿ ನೋಡಬೇಕು. ತಮ್ಮ ಕೈಗೆ ತಾಳದ್ದು ಕೂಸಿನ ಅಂಗಾಲಿಗೆ ತಾಳೀತೆ? ಅಂಥಲ್ಲಿ ಎತ್ತಿಕೊಂಡು ಹೋಗಬೇಕು ಅಥವಾ ದಪ್ಪನ್ನ ಅರಿವೆಯ ಕಾಲುಚೀಲ ತೊಡಿಸಬೇಕು. ಊರೊಳಗಿನ ಮಲಿಕ-ಎ-ಮೈದಾನ ತೋಪನ್ನು ನೋಡುವವರೂ ಬಿಸಿಲಿನ ವೇಳೆಯಲ್ಲಿ ಮಕ್ಕಳನ್ನು ಆ ಲೋಹದ ಮೇಲೆ ಕೂಡಿಸಬಾರದು.

ಗೋಲಗುಮ್ಮಟ ಬೆಳಗಿನ ಆರಕ್ಕೆ ತೆರೆಯುತ್ತದೆ. ಹದಿನೈದು ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ೧೬೨೭ರಿಂದ ೧೬೫೬ರವರೆಗೆ ಆಳಿದ ಮುಹಮ್ಮದ ಆದಿಲಶಾಹನ ಗೋರಿ ಇದು. ಗುಮ್ಮಟದ ಹೊರ ವ್ಯಾಸ ಸುಮಾರು ೪೪ ಮೀಟರು. ನಡುವೆ ಒಂದು ಕಂಬದ ಆಸರೆಯೂ ಇಲ್ಲ. ಗೋಡೆಗಳು ಸುಮಾರು ಮೂರು ಮೀಟರು ದಪ್ಪವಿರುವುದರಿಂದ ಬೆಳಗಿನ ಹೊತ್ತು ಒಳಗೆ ಕಾಲಿಟ್ಟರೆ ತಂಪು ತಟ್ಟುತ್ತದೆ. ನಾಲ್ಕು ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲಿನ ಪಿಸುಮಾತಿನ ಗ್ಯಾಲರಿ. ಅಲ್ಲಿ ಒಂದು ಗೋಡೆಗೆ ಮೆಲ್ಲನೆ ಆಡಿದ ಮಾತು ಎದುರುಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುದನಿ ಬರುತ್ತದೆ.

ಹದಿನಾಲ್ಕು ತಿಂಗಳಿನ ಕೂಸಿಗೆ ಆ ಮೆಟ್ಟಿಲೂ ಆ ಗದ್ದಲವೂ ಬೇಡ, ಬೆಚ್ಚಿಬಿದ್ದು ಅತ್ತೀತು. ಆದ್ದರಿಂದ ದೊಡ್ಡವರು ಸರತಿ ಹಾಕಿಕೊಳ್ಳಬೇಕು. ಮೊದಲ ಸರತಿ ತಾಯಿಯದಾಗಲಿ. ಮಗ ಕೂಸನ್ನು ಎತ್ತಿಕೊಂಡು ತನ್ನ ತಾಯಿಯೊಡನೆ ಕೆಳಗಿನ ತಂಪಿನಲ್ಲಿ ಕೂಡಲಿ. ಸೊಸೆ ಮಗಳ ಕೈ ಹಿಡಿದು ಮೇಲೇರಲಿ. ಮೇಲೆ ಕಟಾಂಜನದ ಹತ್ತಿರ ಮಗಳ ಕೈ ಒಂದು ಕ್ಷಣವೂ ಬಿಡಬಾರದು. ಮೂರು ಬೇಸಗೆ ಕಾಯ್ದ ಹೆಣ್ಣುಮಗಳು ಗಡಿಬಿಡಿಯಿಲ್ಲದೆ ಅರ್ಧ ತಾಸು ಅಲ್ಲಿ ನಿಂತು, ಮಗಳ ಕಿವಿಗೆ ಗೋಡೆಯಿಂದ ಒಂದು ಮಾತು ಕಳಿಸಿ ಕೆಳಗಿಳಿದರೆ ಪ್ರವಾಸದ ಖರ್ಚು ಸಾರ್ಥಕ.

ಮಧ್ಯಾಹ್ನದ ನೆರಳು

ಉಳಿಯಲು ಧರ್ಮಶಾಲೆಯೋ ವಸತಿಗೃಹವೋ ಯಾವುದೇ ಇರಲಿ, ಮೇಲಂತಸ್ತು ಬೇಡ. ದಿನವೆಲ್ಲ ಕಾಯ್ದ ಸಿಮೆಂಟಿನ ಮಾಳಿಗೆ ರಾತ್ರಿಯೆಲ್ಲ ಶಾಖ ಇಳಿಸುತ್ತದೆ. ಕೆಳಗಿನ ಕೋಣೆ, ಎದುರುಬದುರು ಕಿಟಕಿ, ಹತ್ತಿರ ನೀರು ಇದ್ದರೆ ಸಾಕು. ಹಗಲು ಬಿಸಿಲಿನ ಕಡೆಯ ಕಿಟಕಿಗೆ ಒದ್ದೆ ಚಾದರ ಇಳಿಬಿಡಿರಿ. ರಾತ್ರಿ ಎಲ್ಲ ಕಿಟಕಿ ತೆರೆಯಿರಿ. ೪೦ ಡಿಗ್ರಿ ದಾಟಿದ ಗಾಳಿಯನ್ನು ಬರೇ ಪಂಖದಿಂದ ಬೀಸಿದರೆ ಮೈಗೆ ಬಿಸಿಯೇ ತಟ್ಟುತ್ತದೆ. ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಹಾಕಿದಾಗಲೇ ತಂಪು.

ಮಕ್ಕಳಿಗೆ ತೆಳುವಾದ, ಸಡಿಲಾದ ಹತ್ತಿಯ ಅಂಗಿ ಇರಲಿ. ಝಳ ಬಡಿಯಬಾರದೆಂದು ಕೂಸಿನ ಮುಖವನ್ನೆಲ್ಲ ಮುಚ್ಚಿ ಸೀರೆಯ ಸೆರಗಿನಲ್ಲಿ ಬಿಗಿದು ಸುತ್ತುವ ರೂಢಿ ನಮ್ಮಲ್ಲಿದೆ. ಇದರಿಂದ ಗಾಳಿ ನಿಂತು ಶಾಖ ಒಳಗೇ ಕೂಡುತ್ತದೆ. ನೆರಳು ಬೇಕು, ಉಸಿರುಕಟ್ಟು ಬೇಡ. ಉಳ್ಳಾಗಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡರೆ ಬಿಸಿಲು ತಟ್ಟದೆಂಬ ನಂಬಿಕೆಯೂ ಉಂಟು. ಉಳ್ಳಾಗಡ್ಡಿ ರೊಟ್ಟಿಯ ಜೊತೆಗೆ ಬಲು ರುಚಿ. ಜೇಬಿನಲ್ಲಿ ಕುಳಿತು ಅದು ಯಾರ ಮೈಯನ್ನೂ ಕಾಯದು.

ಅಪಾಯದ ಕುರುಹುಗಳು

ಎಷ್ಟೇ ಎಚ್ಚರವಿದ್ದರೂ ಕೆಲವೊಮ್ಮೆ ಮಗುವಿಗೆ ಬಿಸಿಲು ಬಡಿಯಬಹುದು, ಭೇದಿ ಹತ್ತಬಹುದು. ಆಗ ಏನು ಮಾಡಬೇಕೆಂಬುದನ್ನು ಮನೆಯ ಎಲ್ಲರೂ, ಓದು ಬಾರದವರೂ, ತಿಳಿದಿರಬೇಕು.

ಮೈಯಲ್ಲಿ ನೀರು ಕಡಿಮೆಯಾದಾಗ ಮಗು ಮಂಕಾಗುತ್ತದೆ ಅಥವಾ ಸುಮ್ಮನೆ ಕಿರಿಕಿರಿ ಮಾಡುತ್ತದೆ, ಬಾಯಿ ಒಣಗುತ್ತದೆ, ಅತ್ತರೆ ಕಣ್ಣೀರು ಬರುವುದಿಲ್ಲ, ಕಣ್ಣು ಒಳಕ್ಕೆ ಇಳಿಯುತ್ತವೆ, ಐದಾರು ತಾಸಾದರೂ ಉಚ್ಚೆ ಹೊಯ್ಯುವುದಿಲ್ಲ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದು ಬಿಟ್ಟರೆ ಮೆಲ್ಲಗೆ ಸರಿಹೋಗುತ್ತದೆ. ಇದಕ್ಕೆ ಮದ್ದು ಓ.ಆರ್.ಎಸ್. ಪುಡಿ. ಆಶಾ ಕಾರ್ಯಕರ್ತೆಯ ಹತ್ತಿರ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ದೊರೆಯುತ್ತದೆ. ಹೊರಡುವ ಮುನ್ನ ಎರಡು ಪುಡಿಕೆ ಚೀಲದಲ್ಲಿ ಹಾಕಿಕೊಳ್ಳಿರಿ. ದೊಡ್ಡ ಪುಡಿಕೆಯನ್ನು ಒಂದು ಲೀಟರು ಶುದ್ಧ ನೀರಿಗೇ ಕಲಸಬೇಕು. ಸಣ್ಣ ಪುಡಿಕೆಗೆ ಎಷ್ಟು ನೀರೆಂದು ಮೇಲೆ ಬರೆದದ್ದನ್ನು ಓದಬೇಕು. ಕಲಸಿದ ನೀರನ್ನು ೨೪ ತಾಸಿನ ಮೇಲೆ ಚೆಲ್ಲಿಬಿಡಬೇಕು. ಪುಡಿ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚದಿಂದ ಸಪಾಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಕೇಡು.

ಪ್ರತಿ ಸಲ ನೀರಾಗಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ ೫೦ರಿಂದ ೧೦೦ ಮಿಲಿಲೀಟರು,
ಅದಕ್ಕೂ ದೊಡ್ಡ ಮಕ್ಕಳಿಗೆ ೧೦೦ರಿಂದ ೨೦೦ ಮಿಲಿಲೀಟರು ಚಮಚ ಚಮಚವಾಗಿ ಕುಡಿಸಬೇಕು. ಕಾರಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ಕೊಡಬೇಕು. ತಾಯಿಯ ಹಾಲು ನಿಲ್ಲಿಸಬಾರದು. ಈ ಉಪ್ಪು-ಸಕ್ಕರೆ ನೀರಿನ ಬಲವನ್ನು ೧೯೭೧ರಲ್ಲಿ ನಮ್ಮ ದೇಶದ ಇನ್ನೊಂದು ಗಡಿಯ ಊರಿನಲ್ಲಿ ಜಗತ್ತು ಕಂಡಿತು. ಬಂಗಾಲದ ಗಡಿಯ ಬನಗಾಂವ್ ಎಂಬಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸಲಾಯಿನ್ ಸಾಲದೆ ಹೋದಾಗ ಡಾ. ದಿಲೀಪ ಮಹಲನಬೀಸರು ಇಂಥ ನೀರನ್ನೇ ಪೀಪಾಯಿಗಳಲ್ಲಿ ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಬಿಸಿಲು ಬಡಿದ ಮಗುವಿನ ಕುರುಹು ಬೇರೆ. ಮೈ ಕಾದ ಹಂಚಿನಂತೆ ಸುಡುತ್ತದೆ. ಉಷ್ಣ ೪೦ ಡಿಗ್ರಿ ಮೀರಿರುತ್ತದೆ. ಮಗು ತೂಕಡಿಸುತ್ತದೆ, ತಡವರಿಸುತ್ತದೆ, ವಾಂತಿ ಮಾಡುತ್ತದೆ. ಸೆಳವು ಬರಬಹುದು, ಎಚ್ಚರ ತಪ್ಪಬಹುದು. ಇದು ಪ್ರಾಣಾಪಾಯ. ಕೂಡಲೇ ನೆರಳಿಗೆ ಒಯ್ದು, ಅಂಗಿ ಕಳಚಿ, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿದು ಬಿಡದೆ ಗಾಳಿ ಬೀಸಬೇಕು. ಆ ಕೆಲಸ ನಡೆದಿರುವಾಗಲೇ ಇನ್ನೊಬ್ಬರು ೧೦೮ಕ್ಕೆ ಫೋನು ಮಾಡಬೇಕು. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಅಂಬುಲೆನ್ಸಿಗೆ ಇದೇ ಸಂಖ್ಯೆ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಜ್ವರದ ಗುಳಿಗೆ ಈ ಬೇನೆಗೆ ನಾಟುವುದಿಲ್ಲ. ದೃಷ್ಟಿ ತೆಗೆಯುವುದರಲ್ಲಿ ಹೊತ್ತು ಕಳೆಯಬಾರದು. ದಾರಿಯಲ್ಲಿಯೂ ಮೈ ತೋಯಿಸುತ್ತಲೇ ಇರಬೇಕು.

ವಾಚಕ ಬಾಂಧವರಿಗೆ

ಮೇಲೆ ಹೇಳಿದ ವಿಷಯಗಳಲ್ಲಿ ಬಡವರ ಕೈಗೆ ನಿಲುಕದ್ದು ಒಂದೂ ಇಲ್ಲ. ಒಂದು ಒದ್ದೆ ಬಟ್ಟೆ, ಮಳ್ಳಿಸಿದ ನೀರು, ಎರಡು ಪುಡಿಕೆ, ನೆರೆಮನೆಯವರ ಮುಯ್ಯಿ, ಮಧ್ಯಾಹ್ನ ಹೊರಬೀಳೆವೆಂಬ ಹಟ ಇಷ್ಟೇ ಸಾಮಗ್ರಿ. ವಿಜಯಪುರದ ಬದಲು ಪಂಢರಪುರವಿರಲಿ, ಗಾಣಗಾಪುರವಿರಲಿ, ತವರುಮನೆಯೇ ಇರಲಿ, ಕ್ರಮ ಇದೇ. ಹೊಳೆಯ ದಂಡೆಯ ಊರಿಗೆ ಹೋಗುವವರು ಇನ್ನೊಂದು ಎಚ್ಚರ ಸೇರಿಸಿಕೊಳ್ಳಲಿ. ಉಜನಿ ಆಣೆಕಟ್ಟಿನಿಂದ ನೀರು ಬಿಟ್ಟಾಗ ಬೇಸಗೆಯಲ್ಲಿಯೂ ಭೀಮೆ ಏರುತ್ತಾಳೆ. ಒಂದು ಗೇಣು ನೀರಿನಲ್ಲಿಯೂ ಎಳೆಯ ಮಗು ಮುಳುಗಬಲ್ಲದು. ನೀರ ಹತ್ತಿರ ಮಕ್ಕಳು ಕೈಯಳತೆಯ ಒಳಗೇ ಇರಬೇಕು.

ಈ ಸಲದ ಬಿಡುವಿನಲ್ಲಿ ಕೂಸಿನ ತಾಯಿಯನ್ನು ಮನೆಯಲ್ಲಿ ಬಿಟ್ಟು ಹೊರಡುವ ಮುನ್ನ ಒಮ್ಮೆ ವಿಚಾರ ಮಾಡಿರಿ. ಆಕೆಯನ್ನೂ ಕೂಸನ್ನೂ ಕರೆದುಕೊಂಡು, ಒಂದೇ ಊರು, ಎರಡೇ ನೋಟ ಎಂದು ನಿಶ್ಚಯಿಸಿ, ಕೋಳಿ ಕೂಗುವ ಹೊತ್ತಿಗೆ ಮನೆ ಬಿಡಿರಿ.